ಬೆಲೆ ಕಟ್ಟುವವರು

ಮಂಗಳೂರಿನವರಿಗೆ ಏಲಂ ಎಂಬುದು ಹೊಸತಲ್ಲ. ಬಂದರಿನ ಧಕ್ಕೆಯಲ್ಲಿ ಬೋಟುಗಳು ಬಂದು ತಾಗುತ್ತಿದ್ದಂತೆ ಬಂಗುಡೆ, ಬೂತಾಯಿಗಳ ಬುಟ್ಟಿಗಳ ಸುತ್ತ ಕೂಗಾಟ ಶುರುವಾಗುತ್ತದೆ. ನಾವು ಕಣ್ಣು ಬಿಡುವ ಹೊತ್ತಿಗೆ ಆ ದಿನದ ಮೀನಿನ ಹಣೆಬರಹ ನಿರ್ಧಾರವಾಗಿ ಹೋಗಿರುತ್ತದೆ. ದೇವಸ್ಥಾನದ ಉತ್ಸವ ಮುಗಿದ ಮೇಲೆ, ಇಗರ್ಜಿಯ ಹಬ್ಬದ ಪೂಜೆ ಮುಗಿದ ಮೇಲೆ, ಭಕ್ತರು ಒಪ್ಪಿಸಿದ ಬಾಳೆಗೊನೆ, ಹಲಸಿನಹಣ್ಣು, ಸೌತೆಕಾಯಿಗಳನ್ನು ಅಂಗಳದಲ್ಲಿಟ್ಟು ಏಲಂ ಹಾಕುವುದುಂಟು. ಪೇಟೆಯಲ್ಲಿ ಇನ್ನೂರು ರೂಪಾಯಿಗೆ ಸಿಗುವ ಗೊನೆ ಅಲ್ಲಿ ಎರಡು ಸಾವಿರಕ್ಕೆ ಹೋಗುತ್ತದೆ. ನಮ್ಮ ಅಮ್ಮ ಅದನ್ನು ನೋಡಿ ಬಂದು, "ಅವರು ಕೊಂಡದ್ದು ಬಾಳೆಹಣ್ಣಲ್ಲ, ಹೆಸರು" ಎನ್ನುತ್ತಿದ್ದರು. ಏಲಂನ ಶಾಸ್ತ್ರದ ಅರ್ಧ ಭಾಗ ಈ ಒಂದು ಮಾತಿನಲ್ಲಿದೆ ಎಂದು ನನಗೆ ಈಗಲೂ ಅನಿಸುತ್ತದೆ.

ಆದರೆ ಮನುಷ್ಯರನ್ನೂ ಹೀಗೆ ಕೂಗಿ ಕೊಳ್ಳಬಹುದೆಂಬುದು ನಮಗೆ ತಿಳಿದದ್ದು 2008ರ ಫೆಬ್ರವರಿ 20ರಂದು. ಆ ದಿನ ಮುಂಬೈಯಲ್ಲಿ ಐ.ಪಿ.ಎಲ್. ಆಟಗಾರರ ಮೊದಲ ಏಲಂ ನಡೆಯಿತು. ಧೋನಿಯನ್ನು ಚೆನ್ನೈಯವರು ಹದಿನೈದು ಲಕ್ಷ ಡಾಲರಿಗೆ, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 6 ಕೋಟಿ ರೂಪಾಯಿಗೆ, ಕೊಂಡರು. ಆಗ ನಮ್ಮ ಶಾಲೆಯಲ್ಲಿದ್ದ ಹಿರಿಯ ಕನ್ನಡ ಪಂಡಿತರಿಗೆ ಇದರಲ್ಲಿ ಯಾವ ಆಶ್ಚರ್ಯವೂ ಕಾಣಲಿಲ್ಲ. "ಹರಿಶ್ಚಂದ್ರ ಕಾಶಿಯ ಬೀದಿಯಲ್ಲಿ ಮಾರಾಟಕ್ಕೆ ನಿಂತದ್ದನ್ನು ನೀವು ಮರೆತಿರಾ ಟೀಚರೇ? ಆಗ ಟಿ.ವಿ. ಇರಲಿಲ್ಲ, ಅಷ್ಟೇ ವ್ಯತ್ಯಾಸ" ಎಂದರು.

ಈಚಿನ ವರ್ಷಗಳಲ್ಲಿ ನಮ್ಮ ಸ್ಟಾಫ್‌ರೂಮಿನಲ್ಲಿ ಅತಿ ಹೆಚ್ಚು ಬೆಲೆ ಕಟ್ಟಿಸಿಕೊಂಡ ಮನುಷ್ಯನೆಂದರೆ ಕೆ.ಎಲ್. ರಾಹುಲ್. ಅವನು ಹುಟ್ಟಿದ್ದು ಬೆಂಗಳೂರಿನಲ್ಲಿ; ಆದರೆ ಬೆಳೆದದ್ದು, ಓದಿದ್ದು, ಬ್ಯಾಟು ಹಿಡಿದದ್ದು ಇಲ್ಲಿ. ತಂದೆ ಸುರತ್ಕಲ್ಲಿನ ಎನ್.ಐ.ಟಿ.ಕೆ.ಯಲ್ಲಿ ಪ್ರಾಧ್ಯಾಪಕರಾಗಿದ್ದವರು. ಅಲ್ಲಿಯ ಶಾಲೆಯಲ್ಲಿ ಅವನು ಕಲಿತ. ಆಮೇಲೆ ಸಂತ ಅಲೋಶಿಯಸ್ ಕಾಲೇಜಿಗೆ ಹೋದ. ನೆಹರೂ ಮೈದಾನಿನಲ್ಲಿ ಸ್ಯಾಮುವೆಲ್ ಜಯರಾಜ್ ಎಂಬ ತರಬೇತುದಾರರ ಕೈಕೆಳಗೆ ಪಳಗಿದ. ಇಷ್ಟಿದ್ದರೆ ಸಾಲದೇ? ರಿಕ್ಷಾದವರಿಂದ ಹಿಡಿದು ಗೋಳಿಬಜೆ ಕರಿಯುವವರವರೆಗೆ ಎಲ್ಲರಿಗೂ ಅವನು "ನಮ್ಮ ಊರ್ದ ಆಣ್". ತಾಯಿ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಪ್ರಾಧ್ಯಾಪಕಿಯಾಗಿದ್ದವರು. ಸಮಾಜ ವಿಜ್ಞಾನ ಕಲಿಸುವ ನನಗೆ ಆದ್ದರಿಂದ ಅವನ ಮೇಲೆ ಒಂದು ಮುಷ್ಟಿ ಹೆಚ್ಚಿನ ಹಕ್ಕಿದೆ ಎಂದು ನಾನು ತಿಳಿದುಕೊಂಡಿದ್ದೇನೆ.

ಊರಿನ ಹುಡುಗನ ಜಾತಕ ಊರವರಿಗೆ ಗೊತ್ತಿರಬೇಕಾದದ್ದೇ. ಅವನ ಜಾತಕ ಹೀಗಿದೆ: 2013ರಲ್ಲಿ ಬೆಂಗಳೂರು ತಂಡ, 2014ರಲ್ಲಿ 1 ಕೋಟಿಗೆ ಹೈದರಾಬಾದು, 2016ರಲ್ಲಿ ಏಲಂ ಇಲ್ಲದೆ ತಂಡದಿಂದ ತಂಡಕ್ಕೆ ಮಾತಾಡಿಕೊಂಡು ಮತ್ತೆ ಬೆಂಗಳೂರಿಗೆ. ಆ ವರ್ಷ 397 ರನ್ ಹೊಡೆದ. ಮರುವರ್ಷ ಭುಜದ ಗಾಯದಿಂದಾಗಿ ಒಂದು ಪಂದ್ಯವನ್ನೂ ಆಡಲಿಲ್ಲ. 2018ರ ದೊಡ್ಡ ಏಲಂಗೆ ಮೊದಲು ಬೆಂಗಳೂರಿನವರು ಕೊಹ್ಲಿ, ಡಿವಿಲಿಯರ್ಸ್ ಮತ್ತು ಸರ್ಫರಾಜ್ ಖಾನ್ ಈ ಮೂವರನ್ನು ಉಳಿಸಿಕೊಂಡು ನಮ್ಮವನನ್ನು ಬಿಟ್ಟರು. ಪಂಜಾಬಿನವರು 11 ಕೋಟಿಗೆ ಎತ್ತಿಕೊಂಡರು. ಹೋದವನೇ ಮೊದಲ ಪಂದ್ಯದಲ್ಲಿ 14 ಎಸೆತಕ್ಕೆ ಐವತ್ತು ಹೊಡೆದ. ನಮ್ಮ ದೈಹಿಕ ಶಿಕ್ಷಣದ ಮಾಸ್ಟ್ರು ಮರುದಿನ ಬೆಳಗ್ಗಿನ ಪ್ರಾರ್ಥನೆಯ ಹೊತ್ತಿನಲ್ಲಿಯೇ, "ಬಿಟ್ಟವರಿಗೆ ಬುದ್ಧಿ ಬಂತಾ ಟೀಚರೇ?" ಎಂದು ಮೆಲ್ಲಗೆ ಕೇಳಿದ್ದರು. ಬಿಟ್ಟವಳು ನಾನೇ ಎಂಬ ಹಾಗೆ.

ಆಮೇಲೆ 2022ರಲ್ಲಿ ಲಕ್ನೋದವರು 17 ಕೋಟಿ ಕೊಟ್ಟು ನಾಯಕನನ್ನಾಗಿ ಮಾಡಿದರು. ಮೂರು ವರ್ಷ ಕಳೆದು ಅವರೂ ಬಿಟ್ಟರು. ಹೀಗೆ 2024ರ ನವೆಂಬರ್ 24ರ ಭಾನುವಾರ, ಸೌದಿ ಅರೇಬಿಯಾದ ಜೆದ್ದಾದಲ್ಲಿ, 2 ಕೋಟಿ ಮೂಲಬೆಲೆಯೊಂದಿಗೆ ಅವನ ಹೆಸರು ಮತ್ತೆ ಏಲಂಗೆ ಬಂತು.

ಸೋಮವಾರ ಸ್ಟಾಫ್‌ರೂಮಿನಲ್ಲಿ ಮೊದಲ ಬೆಲ್ಲು ಕೇಳಿಸಿದ್ದು ಯಾರಿಗೋ ಗೊತ್ತಿಲ್ಲ. ದೆಹಲಿಯವರು ರಾಹುಲನನ್ನು 14 ಕೋಟಿಗೆ ಕೊಂಡಿದ್ದರು. ರಿಷಭ್ ಪಂತ್‌ಗೆ 27 ಕೋಟಿ. ಶ್ರೇಯಸ್ ಅಯ್ಯರ್‌ಗೆ 26.75 ಕೋಟಿ. ಅಯ್ಯರನ ತಾಯಿಯ ಕಡೆ ತುಳುವರು ಎಂಬ ಸಮಾಧಾನ ಕೆಲವರಿಗೆ ಇತ್ತಾದರೂ, ರಾಹುಲನಿಗೆ ಅದರ ಅರ್ಧದಷ್ಟು ಎಂಬುದು ಊರಿಗೇ ಆದ ಅವಮಾನದಂತೆ ಕಂಡಿತು. "ನಾಲ್ಕು ಸೀಸನಿನಲ್ಲಿ ಆರುನೂರರ ಮೇಲೆ ರನ್ ಹೊಡೆದವ. 2020ರಲ್ಲಿ 670 ಹೊಡೆದು ಕಿತ್ತಳೆ ಟೊಪ್ಪಿ ತಂದವ. ಕೀಪಿಂಗ್ ಉಂಟು, ನಾಯಕತ್ವ ಉಂಟು. ಹದಿನಾಲ್ಕಾ?" ಎಂದರು ದೈಹಿಕ ಶಿಕ್ಷಣದವರು. "ರನ್ ಎಷ್ಟು ಅಂತಲ್ಲ ಮಾರಾಯ್ರೆ, ಎಷ್ಟು ಎಸೆತದಲ್ಲಿ ಅಂತ" ಎಂದರು ಹಿಂದಿ ಟೀಚರ್. ಅವರ ಮನೆಯಲ್ಲಿ ಇಬ್ಬರು ಗಂಡು ಮಕ್ಕಳಿದ್ದುದರಿಂದ ಸ್ಟ್ರೈಕ್‌ರೇಟ್ ಎಂಬ ಶಬ್ದ ಅವರಿಗೆ ಅಡುಗೆಮನೆಯ ಸಾಮಾನಿನಷ್ಟೇ ಪರಿಚಿತ.

ಗಣಿತದ ಮಾಸ್ಟ್ರು ಚಹಾ ಕುಡಿದು ಮುಗಿಸಿ, ಗ್ಲಾಸು ಕೆಳಗಿಟ್ಟು, ತೀರ್ಪು ಕೊಡುವವರಂತೆ ಹೇಳಿದರು: "ಏಲಂನಲ್ಲಿ ಬೆಲೆ ನಿಶ್ಚಯ ಮಾಡುವುದು ಗೆದ್ದವನಲ್ಲ, ಸೋತವನು. ಚೆನ್ನೈಯವರು ಹದಿಮೂರು ಮುಕ್ಕಾಲಿಗೆ ನಿಲ್ಲಿಸಿದರು, ಹಾಗಾಗಿ ಹದಿನಾಲ್ಕು. ಅವರು ಇಪ್ಪತ್ತರವರೆಗೆ ಎಳೆದಿದ್ದರೆ ದೆಹಲಿಯವರು ಬಹುಶಃ ಕೊಡುತ್ತಿದ್ದರು. ಆಗ ರಾಹುಲ್ ಏನು ಆರು ಕೋಟಿಯಷ್ಟು ಹೆಚ್ಚು ಚೆನ್ನಾಗಿ ಆಡುತ್ತಿದ್ದನೇ?"

ಈ ಮಾತಿನಲ್ಲಿ ಸತ್ಯವಿತ್ತು. ಪ್ರತಿ ತಂಡಕ್ಕೂ ಆ ವರ್ಷ ಖರ್ಚು ಮಾಡಲು 120 ಕೋಟಿಯ ಮಿತಿ. ಅದರಲ್ಲಿ ಹೆಚ್ಚೆಂದರೆ 25 ಜನ. ಯಾರ ಹೆಸರು ಮೊದಲು ಬರುತ್ತದೆ, ಆಗ ಯಾರ ಕಿಸೆಯಲ್ಲಿ ಎಷ್ಟಿದೆ, ಯಾರಿಗೆ ಕೀಪರ್ ಬೇಕು, ಯಾರಿಗೆ ನಾಯಕ ಬೇಕು ಇವೆಲ್ಲ ಸೇರಿ ಒಂದು ಅಂಕಿಯಾಗುತ್ತದೆ. ಪಂತ್‌ನ ವಿಷಯದಲ್ಲಿ ಲಕ್ನೋದವರು 20.75 ಕೋಟಿಗೆ ಕೂಗಿದಾಗ, ಅವನ ಹಳೆಯ ತಂಡವಾದ ದೆಹಲಿ ಅಷ್ಟೇ ಬೆಲೆಗೆ ವಾಪಸು ಪಡೆಯುವ ತನ್ನ ಹಕ್ಕನ್ನು ಮುಂದಿಟ್ಟಿತು. ಲಕ್ನೋ ಒಮ್ಮೆಗೇ 27ಕ್ಕೆ ಹಾರಿತು, ದೆಹಲಿ ಕೈಬಿಟ್ಟಿತು. ಕೀಪರನನ್ನು ಕಳೆದುಕೊಂಡ ದೆಹಲಿಗೆ ಮುಂದಿನ ಪಟ್ಟಿಯಲ್ಲಿ ಸಿಕ್ಕಿದವನು ನಮ್ಮ ರಾಹುಲ್. ಇದರಲ್ಲಿ ಅವನ ಯೋಗ್ಯತೆ ಎಷ್ಟು, ಅವನ ಸರದಿ ಎಷ್ಟು? ಧಕ್ಕೆಯಲ್ಲಿಯೂ ಹಾಗೆಯೇ. ಮೊದಲು ಬಂದ ಬೋಟಿನ ಬಂಗುಡೆಗೆ ಒಂದು ದರ, ಹತ್ತು ಬೋಟು ಬಂದ ಮೇಲೆ ಅದೇ ಬಂಗುಡೆಗೆ ಇನ್ನೊಂದು. ಬಂಗುಡೆ ಏನೂ ಬದಲಾಗಿರುವುದಿಲ್ಲ.

ಕಲಾವಿದನೊಬ್ಬನ ಕರಾರಿನ ಬಗ್ಗೆ ಊರೆಲ್ಲ ಕೂತು ಚರ್ಚಿಸುವುದು ಕ್ರಿಕೆಟಿನಿಂದ ಬಂದ ಚಾಳಿಯೆಂದು ಯಾರಾದರೂ ತಿಳಿದರೆ, ಅವರು ನಮ್ಮ ಜಿಲ್ಲೆಯ ಪತ್ತನಾಜೆಯನ್ನು ಕಂಡವರಲ್ಲ. ತುಳು ತಿಂಗಳು ಬೇಶದ ಹತ್ತನೆಯ ದಿನ, ಅಂದರೆ ಮೇ ತಿಂಗಳ ಕೊನೆಯ ಭಾಗದಲ್ಲಿ, ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುತ್ತದೆ. ವೇಷಧಾರಿಗಳು ಗೆಜ್ಜೆ ಬಿಚ್ಚುತ್ತಾರೆ. ಆ ದಿನದಿಂದ ಮುಂದಿನ ತಿರುಗಾಟದವರೆಗೆ ಊರಿನ ಕ್ಷೌರದಂಗಡಿಗಳಲ್ಲಿ, ಹೋಟೆಲುಗಳಲ್ಲಿ ಒಂದೇ ಮಾತು: ಯಾರು ಯಾವ ಮೇಳಕ್ಕೆ? ಯಾರು ಉಳಿದರು, ಯಾರು ಹೋದರು, ಮುಂಗಡ ಎಷ್ಟು?

ನಾನು ಚಿಕ್ಕವಳಿದ್ದಾಗ, ಎಂದರೆ ಎಪ್ಪತ್ತರ ದಶಕದ ಕೊನೆಯಲ್ಲಿ ಮತ್ತು ಎಂಬತ್ತರ ದಶಕದಲ್ಲಿ, ಟೆಂಟಿನ ಮೇಳಗಳು ಜೋರಾಗಿದ್ದ ಕಾಲ. ನಮ್ಮ ತಂದೆ ಶೇಣಿ ಗೋಪಾಲಕೃಷ್ಣ ಭಟ್ಟರ ಭಕ್ತರು. ಹಾಗಾಗಿ ಸುರತ್ಕಲ್ ಮೇಳದ ಪಕ್ಷ. ಪಕ್ಕದ ಮನೆಯ ಮಾವ ಮಲ್ಪೆ ರಾಮದಾಸ ಸಾಮಗರ ಅಭಿಮಾನಿ. ಹಾಗಾಗಿ ಕರ್ನಾಟಕ ಮೇಳದ ಪಕ್ಷ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಮಳೆಗಾಲವಿಡೀ ವಾದಿಸುತ್ತಿದ್ದರು. ಮಳೆಗಾಲದಲ್ಲಿ ಕಲಾವಿದರಿಗೆ ಆಟವಿಲ್ಲ, ಸಂಪಾದನೆಯಿಲ್ಲ. ಮೇಳದ ಯಜಮಾನರು ಆಗ ಮುಂಗಡ ಕೊಡುತ್ತಿದ್ದರು; ಆ ಮುಂಗಡವೇ ಮುಂದಿನ ವರ್ಷದ ಕರಾರು. ಸಾಲ ತೀರದೆ ಮೇಳ ಬಿಡುವಂತಿರಲಿಲ್ಲ. ಬೇರೆ ಯಜಮಾನರು ಆ ಬಾಕಿಯನ್ನು ತೀರಿಸಿ ಕರಕೊಂಡು ಹೋಗುವುದೂ ಇತ್ತು. ಇದನ್ನು ಈಗಿನ ಹುಡುಗರು ಟ್ರೇಡ್ ಎನ್ನುತ್ತಾರೆ. ನಮ್ಮ ತಂದೆ "ಬಿಡಿಸಿಕೊಂಡು ಹೋದರು" ಎನ್ನುತ್ತಿದ್ದರು. ಬಿಡಿಸಿಕೊಂಡು ಎಂಬ ಆ ಶಬ್ದದಲ್ಲಿ ಅಡವಿಟ್ಟ ಬಳೆಯ ನೆನಪೂ ಬರುತ್ತದೆ, ಸೆರೆಯ ನೆನಪೂ ಬರುತ್ತದೆ.

ಆ ವಾದಗಳಿಗೂ ನಮ್ಮ ಸ್ಟಾಫ್‌ರೂಮಿನ ವಾದಗಳಿಗೂ ಒಂದು ವ್ಯತ್ಯಾಸವಿದೆ. ಅದು ನನಗೆ ತಡವಾಗಿ ಹೊಳೆಯಿತು. ನಮ್ಮ ತಂದೆ ಟೆಂಟಿನ ಬಾಗಿಲಲ್ಲಿ ದುಡ್ಡು ಕೊಟ್ಟು ಟಿಕೇಟು ಕೊಳ್ಳುತ್ತಿದ್ದರು. ನೆಲಕ್ಕೆ ಒಂದು ದರ, ಕುರ್ಚಿಗೆ ಒಂದು ದರ. ಯಜಮಾನರು ರಾತ್ರಿಯ ಕಲೆಕ್ಷನ್ ಎಣಿಸುವಾಗ ಯಾರ ವೇಷವಿದ್ದ ದಿನ ಟೆಂಟು ತುಂಬಿತ್ತು, ಯಾರಿಲ್ಲದ ದಿನ ಖಾಲಿಯಿತ್ತು ಎಂದು ಅವರಿಗೆ ಗೊತ್ತಾಗುತ್ತಿತ್ತು. ಮಳೆಗಾಲದ ಮುಂಗಡ ಆ ಲೆಕ್ಕದ ಮೇಲೆ ಹೋಗುತ್ತಿತ್ತು. ನೆಲದ ಟಿಕೇಟಿನಲ್ಲಿ ಕೂತ ಮನುಷ್ಯನ ಅಭಿಪ್ರಾಯಕ್ಕೂ ಅಲ್ಲಿ ನಾಲ್ಕಾಣೆಯ ತೂಕವಿತ್ತು.

ಈಗ? ಐ.ಪಿ.ಎಲ್. ಪಂದ್ಯಗಳನ್ನು 2023ರಿಂದ 2027ರವರೆಗೆ ಪ್ರಸಾರ ಮಾಡುವ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಗಿದೆ. ತಂಡಗಳ ಥೈಲಿ ತುಂಬುವುದು ಮುಖ್ಯವಾಗಿ ಅಲ್ಲಿಂದ. ನಾವು ನೋಡುತ್ತೇವೆ, ಜಾಹೀರಾತಿನವರು ನಮ್ಮ ಕಣ್ಣುಗಳನ್ನು ಲೆಕ್ಕ ಹಾಕುತ್ತಾರೆ, ಸರಿ. ಆದರೆ ನಾವು ರಾಹುಲನಿಗಾಗಿ ನೋಡಿದೆವೋ ಪಂತ್‌ಗಾಗಿ ನೋಡಿದೆವೋ ಎಂದು ಕೇಳುವವರಿಲ್ಲ. ನಮ್ಮ ದೈಹಿಕ ಶಿಕ್ಷಣದ ಮಾಸ್ಟ್ರು ಮೂರು ವಾರ ವಾದಿಸಿದರೂ ಹದಿನಾಲ್ಕು ಕೋಟಿಗೆ ಒಂದು ಪೈಸೆ ಸೇರಲಿಲ್ಲ.

ಆಟಗಾರನ ಮಾತಿಗಾದರೂ ಬೆಲೆ ಇದೆಯೇ ಎಂದರೆ, ಅದೂ ಅಷ್ಟಕ್ಕಷ್ಟೇ. ತಂಡದಿಂದ ತಂಡಕ್ಕೆ ನೇರವಾಗಿ ಕಳುಹಿಸುವಾಗ ನಮ್ಮಲ್ಲಿ ಆಟಗಾರನ ಒಪ್ಪಿಗೆ ಬೇಕು. 2025ರ ನವೆಂಬರಿನಲ್ಲಿ ಸಂಜು ಸ್ಯಾಮ್ಸನ್ ಚೆನ್ನೈಗೂ, ಜಡೇಜ ಮತ್ತು ಸ್ಯಾಮ್ ಕರನ್ ರಾಜಸ್ಥಾನಕ್ಕೂ ಹೋದದ್ದು ಹಾಗೆ. ಆದರೆ ಏಲಂಗೆ ಹೆಸರು ಕೊಟ್ಟ ಮೇಲೆ ಇಂಥವರೇ ಕೊಳ್ಳಬೇಕೆಂದು ಹೇಳುವಂತಿಲ್ಲ. ಅಮೆರಿಕದ ಬಾಸ್ಕೆಟ್‌ಬಾಲಿನಲ್ಲಿ ಅದಕ್ಕೂ ಕಷ್ಟ. ಅಕ್ಕನ ಮಗ ಡಲ್ಲಾಸಿನ ಹತ್ತಿರ ಕೆಲಸದಲ್ಲಿದ್ದಾನೆ. 2025ರ ಫೆಬ್ರವರಿಯ ಮೊದಲ ವಾರ ಅವನು ಫೋನು ಮಾಡಿದಾಗ ದನಿ ಕೇಳಿ ನನಗೆ ಗಾಬರಿಯಾಯಿತು. "ಚಿಕ್ಕಮ್ಮ, ನಮ್ಮವನನ್ನು ಮಧ್ಯರಾತ್ರಿ ಕೊಟ್ಟುಬಿಟ್ಟರು" ಎಂದ. ವಿಚಾರಿಸಿದರೆ ಲೂಕಾ ಡಾನ್ಸಿಚ್ ಎಂಬ ಸ್ಲೊವೇನಿಯಾದ ಹುಡುಗ. 2018ರಿಂದ ಡಲ್ಲಾಸಿನಲ್ಲೇ ಆಡಿ, 2024ರಲ್ಲಿ ತಂಡವನ್ನು ಫೈನಲಿಗೆ ಕೊಂಡೊಯ್ದವನು. ಅವನನ್ನು ಲಾಸ್ ಏಂಜಲಿಸಿಗೆ ಕೊಟ್ಟು ಆಂಟನಿ ಡೇವಿಸ್ ಎಂಬವನನ್ನು ತಂದಿದ್ದರು. ಅಲ್ಲಿ ಹೋಗುವವನ ಸಂಬಳವೂ ಬರುವವರ ಸಂಬಳವೂ ಹೆಚ್ಚುಕಡಿಮೆ ಹೊಂದಬೇಕೆಂಬ ನಿಯಮವುಂಟಂತೆ. ಆದರೆ ಹೋಗುವವನನ್ನು ಕೇಳಬೇಕೆಂಬ ನಿಯಮ ಹೆಚ್ಚಿನವರ ಕರಾರಿನಲ್ಲಿ ಇಲ್ಲ. ಡಾನ್ಸಿಚ್‌ಗೂ ವಿಷಯ ತಿಳಿದದ್ದು ಎಲ್ಲ ಮುಗಿದ ಮೇಲೆ. ಅಭಿಮಾನಿಗಳು ಕ್ರೀಡಾಂಗಣದ ಎದುರು ಶವಪೆಟ್ಟಿಗೆ ತಂದಿಟ್ಟು ಗೋಳಾಡಿದರು. ಪಂದ್ಯ ನಡೆದಾಗಲೆಲ್ಲ, ವ್ಯವಸ್ಥಾಪಕನನ್ನು ತೆಗೆಯಿರಿ ಎಂದು ಕೂಗಿದರು. ಒಂಬತ್ತು ತಿಂಗಳ ಮೇಲೆ, ತಂಡ ಸೋಲುತ್ತಾ ಹೋದಾಗ, ಅವನನ್ನು ತೆಗೆದದ್ದೂ ಆಯಿತು. ಆದರೆ ಲೂಕಾ ವಾಪಸು ಬರಲಿಲ್ಲ.

ಹೀಗಿದ್ದೂ ನಾವು ಯಾಕೆ ವಾದಿಸುತ್ತೇವೆ? ನನಗೆ ತೋರುವ ಉತ್ತರ ಇಷ್ಟು: ನಾವು ಕೋಟಿಗಳ ಭಾಷೆಯಲ್ಲಿ ಮಾತಾಡುತ್ತಿದ್ದರೂ ಹೇಳುತ್ತಿರುವುದು "ಅವನು ನಮ್ಮವ" ಎಂದು ಮಾತ್ರ. 2025ರ ಏಪ್ರಿಲ್ 10ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ರಾಹುಲ್ ಬೆಂಗಳೂರಿನ ವಿರುದ್ಧವೇ ಆಡಿದ. 164 ಗುರಿ, 58ಕ್ಕೆ ನಾಲ್ಕು ಬಿದ್ದಿತ್ತು. ಅವನು 53 ಎಸೆತದಲ್ಲಿ ಔಟಾಗದೆ 93 ಹೊಡೆದು ದೆಹಲಿಯನ್ನು ಗೆಲ್ಲಿಸಿ, ಬ್ಯಾಟಿನಿಂದ ನೆಲದ ಮೇಲೆ ಒಂದು ವೃತ್ತ ಎಳೆದು, ನಡುವೆ ಬ್ಯಾಟನ್ನು ಊರಿದ. ಅದು ನಮ್ಮ ಕಡೆಯ 'ಕಾಂತಾರ' ಸಿನೆಮಾದ ಭಂಗಿಯೆಂದು ಆಮೇಲೆ ಅವನೇ ಹೇಳಿದ. ಇದು ನನ್ನ ನೆಲ ಎಂಬುದು ಅದರ ಅರ್ಥ. ಆ ರಾತ್ರಿ ನಮ್ಮ ದೈಹಿಕ ಶಿಕ್ಷಣದ ಮಾಸ್ಟ್ರಿಗೆ ಬೆಂಗಳೂರು ಸೋತ ದುಃಖವೂ ನಮ್ಮವ ಗೆದ್ದ ಸಂತೋಷವೂ ಒಟ್ಟಿಗೆ ಬಂದು ನಿದ್ದೆ ಹತ್ತಲಿಲ್ಲವಂತೆ. ಹದಿನಾಲ್ಕು ಕೋಟಿ ಹೆಚ್ಚೋ ಕಡಿಮೆಯೋ ಎಂದು ಮರುದಿನ ಯಾರೂ ಕೇಳಲಿಲ್ಲ.

ಈ ಚರ್ಚೆಗಳಲ್ಲಿ ಎಲ್ಲರಿಗಿಂತ ಚೊಕ್ಕವಾಗಿ ಮಾತಾಡುತ್ತಿದ್ದವರು ನಮ್ಮ ವಿಜ್ಞಾನದ ಕಿರಿಯ ಟೀಚರ್. ಎಂ.ಎಸ್ಸಿ., ಬಿ.ಎಡ್. ಮಾಡಿದ ಹುಡುಗಿ. ನಮ್ಮದು ಅನುದಾನಿತ ಶಾಲೆ. ನಿವೃತ್ತರಾದವರ ಜಾಗಕ್ಕೆ ಸರಕಾರದ ಒಪ್ಪಿಗೆಯಿಲ್ಲದೆ ಹೊಸಬರನ್ನು ಖಾಯಂ ಮಾಡುವಂತಿಲ್ಲ. ಆದ್ದರಿಂದ ಆಕೆಗೆ ಆಡಳಿತ ಮಂಡಳಿಯೇ ಗೌರವಧನ ಕೊಡುತ್ತಿತ್ತು: ತಿಂಗಳಿಗೆ ಹನ್ನೊಂದು ಸಾವಿರ, ವರ್ಷಕ್ಕೆ ಹತ್ತು ತಿಂಗಳು. ಜೂನಿನಲ್ಲಿ ಕರಾರು, ಮಾರ್ಚಿನಲ್ಲಿ ಮುಕ್ತಾಯ. ಮತ್ತೆ ಕರೆಯುವುದೂ ಬಿಡುವುದೂ ಮಂಡಳಿಯ ಇಷ್ಟ.

ಗಣಿತದ ಮಾಸ್ಟ್ರಿಗೆ ಲೆಕ್ಕದ ಚಪಲ. ಒಂದು ಮಧ್ಯಾಹ್ನ ಸೀಮೆಸುಣ್ಣ ಹಿಡಿದು, "ಈ ಟೀಚರಿಗೆ ವರ್ಷಕ್ಕೆ 1,10,000. 14 ಕೋಟಿ ಸಂಪಾದನೆಗೆ 1,272 ವರ್ಷ ಬೇಕು" ಎಂದರು. "ಹಾಗಾದರೆ ಈಗ ಮುಗಿಸಬೇಕಾದರೆ ಯಾವಾಗ ಸೇರಬೇಕಿತ್ತು ಟೀಚರೇ, ನೀವು ಹೇಳಿ" ಎಂದು ನನ್ನ ಕಡೆ ತಿರುಗಿದರು. ನಾನು ಮನಸ್ಸಿನಲ್ಲೇ ಕಳೆದೆ: ಕ್ರಿ.ಶ. 752. ದಂತಿದುರ್ಗ ಚಾಲುಕ್ಯರನ್ನು ಸೋಲಿಸಿ ರಾಷ್ಟ್ರಕೂಟ ರಾಜ್ಯ ಕಟ್ಟುತ್ತಿದ್ದ ಹೊತ್ತು. ನಮ್ಮ ತುಳುನಾಡಿನಲ್ಲಿ ಆಳುಪರ ಆಳ್ವಿಕೆ. ಎಲ್ಲರೂ ನಕ್ಕೆವು. ಆಕೆಯೂ ನಕ್ಕು, "ಆಗಲೂ ಖಾಯಂ ಮಾಡ್ತಿರಲಿಲ್ಲ ಮಾಸ್ಟ್ರೇ" ಎಂದಳು.

ಆಕೆಯ ಕಣ್ಣು ಇರುತ್ತಿದ್ದದ್ದು ಹದಿನಾಲ್ಕು ಕೋಟಿಯ ಮೇಲಲ್ಲ, ಪಟ್ಟಿಯ ಕೆಳಭಾಗದಲ್ಲಿ. "ನೀವೆಲ್ಲ ಮಾರಾಟವಾದವರ ಬಗ್ಗೆ ಮಾತಾಡ್ತೀರಿ. ಹೆಸರು ಕೂಗಿ, ಯಾರೂ ಕೈ ಎತ್ತದೆ, ಸುತ್ತಿಗೆಯೂ ಬೀಳದೆ ಮುಂದೆ ಹೋಗ್ತಾರಲ್ಲ, ಅವರ ಮನೆಯಲ್ಲಿ ಆ ರಾತ್ರಿ ಹೇಗಿರ್ತದೆ?" ಎಂದು ಒಮ್ಮೆ ಕೇಳಿದಳು. ನಮ್ಮವರೇ ಇದ್ದರು. ದೇವದತ್ತ ಪಡಿಕ್ಕಲ್‌ನನ್ನು ಮೊದಲ ಸುತ್ತಿನಲ್ಲಿ ಯಾರೂ ಕೊಳ್ಳಲಿಲ್ಲ. ಎರಡನೆಯ ದಿನ ಬೆಂಗಳೂರಿನವರು ಮೂಲಬೆಲೆಗೆ, 2 ಕೋಟಿಗೆ, ಕರಕೊಂಡರು. ಮಯಾಂಕ್ ಅಗರವಾಲ್‌ಗೆ ಅದೂ ಇಲ್ಲ. ಭಾರತಕ್ಕೆ ಟೆಸ್ಟ್ ಆಡಿದ ಕನ್ನಡದ ಹುಡುಗನ ಹೆಸರು ಕೂಗಿದಾಗ ಹತ್ತೂ ಮೇಜುಗಳು ಸುಮ್ಮನಿದ್ದವು.

ಫೆಬ್ರವರಿಯಲ್ಲಿ ನಮ್ಮಲ್ಲಿ ಪೋಷಕರ ಸಭೆ. ನಡಾವಳಿ ಬರೆಯುವ ಪುಸ್ತಕ ಹಲವು ವರ್ಷಗಳಿಂದ ನನ್ನ ಕೈಯಲ್ಲಿದೆ. ಶೌಚಾಲಯದ ನೀರು, ಬಿಸಿಯೂಟದ ಸಾಂಬಾರು, ವಾಹನದ ಶುಲ್ಕ ಎಲ್ಲ ಮುಗಿದು, ವಂದನಾರ್ಪಣೆಗೆ ಏಳುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ತಾಯಿ ಎದ್ದು ನಿಂತಳು. ಮೀನು ಮಾರುವ ಹೆಂಗಸು. ಧಕ್ಕೆಯಲ್ಲಿ ದಿನಾ ಏಲಂ ಕೂಗಿ ಬಂದವಳಿಗೆ ಮೈಕು ಬೇಕಿರಲಿಲ್ಲ. "ಈ ಸೈನ್ಸಿನ ಟೀಚರ್ ಬರುವ ವರ್ಷ ಇರ್ತಾರಾ? ನನ್ನ ಮಗಳಿಗೆ ಮೊದಲು ಆ ಪುಸ್ತಕ ಕಂಡರೆ ಅಳು ಬರ್ತಿತ್ತು. ಈಗ ರಾತ್ರಿ ನನಗೇ ಪಾಠ ಮಾಡ್ತಾಳೆ. ಇವರನ್ನು ಬಿಡುವುದಾದರೆ ಈಗಲೇ ಹೇಳಿ, ನಾವು ಬೇರೆ ಶಾಲೆ ನೋಡ್ತೇವೆ" ಎಂದಳು. ಒಂದು ಗಳಿಗೆ ಸಭೆ ಸುಮ್ಮನಾಯಿತು. ಆಮೇಲೆ ರಿಕ್ಷಾ ಓಡಿಸುವ ಒಬ್ಬರು ಎದ್ದು "ಹೌದು" ಎಂದರು. ಮತ್ತೆ ಇಬ್ಬರು ಎದ್ದರು.

ವೇದಿಕೆಯಲ್ಲಿದ್ದವರು, ಪರಿಶೀಲಿಸುವಾ ಎಂದರು. ಅಂಥ ಸಂದರ್ಭದಲ್ಲಿ "ಪೋಷಕರು ಸಲಹೆ ನೀಡಿದರು" ಎಂದು ಒಂದು ಸಾಲು ಬರೆಯುವುದು ವಾಡಿಕೆ. ನಾನು ಆ ತಾಯಿ ಹೇಳಿದ್ದನ್ನು ಅವಳ ಮಾತಿನಲ್ಲಿಯೇ, ಬೇರೆ ಶಾಲೆ ನೋಡುತ್ತೇವೆ ಎಂಬುದರ ಸಮೇತ, ಪುಸ್ತಕದಲ್ಲಿ ಬರೆದೆ; ಬೆಂಬಲಿಸಿದ ಮೂವರ ಹೆಸರನ್ನೂ ಬರೆದು, ಓದಿ ಹೇಳಿ, ಅಧ್ಯಕ್ಷರ ಸಹಿ ಮಾಡಿಸಿದೆ. ಸಹಿಯಾದ ಮಾತಿಗೆ ಆಡಿದ ಮಾತಿಗಿಂತ ಆಯುಷ್ಯ ಜಾಸ್ತಿ ಎಂದು ಮಕ್ಕಳಿಗೆ ಶಾಸನಗಳ ಪಾಠ ಮಾಡುವಾಗ ನಾನು ಹೇಳುವುದುಂಟು.

ಮಾರ್ಚಿಯ ಕೊನೆಗೆ ಕರಾರು ಮುಗಿಯಿತು. ಏಪ್ರಿಲ್, ಮೇ ಎರಡು ತಿಂಗಳು ಆಕೆ ಮನೆಮನೆ ಟ್ಯೂಷನ್ ಹೇಳಿದಳು. ಮೇ ಕೊನೆಗೆ ಶಾಲೆ ತೆರೆಯುವ ಮೊದಲು ಪತ್ರ ಹೋಯಿತು. ಗೌರವಧನ ಹದಿಮೂರು ಸಾವಿರ. ತಿಂಗಳು ಹತ್ತೇ.

ಅದೇ ವಾರ, 2025ರ ಜೂನ್ 3ರಂದು, ಅಹಮದಾಬಾದಿನಲ್ಲಿ ಬೆಂಗಳೂರು ತಂಡ ಪಂಜಾಬನ್ನು 6 ರನ್ನಿನಿಂದ ಸೋಲಿಸಿ ಹದಿನೆಂಟನೆಯ ವರ್ಷದಲ್ಲಿ ಮೊದಲ ಬಾರಿ ಕಪ್ ಗೆದ್ದಿತು. ತಂಡದಲ್ಲಿ ಮಯಾಂಕ್ ಇದ್ದ. ಪಡಿಕ್ಕಲ್‌ಗೆ ಗಾಯವಾದಾಗ ಮೇ ತಿಂಗಳಲ್ಲಿ ಬದಲಿಯಾಗಿ ಕರೆಸಿಕೊಂಡಿದ್ದರು. ಹತ್ತು ಮೇಜುಗಳಿಗೂ ಬೇಡವಾದವನು ಫೈನಲಿನಲ್ಲಿ ಆಡಿದ. "ಕಂಡಿರಾ ಟೀಚರೇ, ಬದಲಿಯವರ ಕೈಗೂ ಕಪ್ ಬರ್ತದೆ" ಎಂದು ಆಕೆ ನನಗೆ ಹೇಳಿದ್ದು ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಾ.

ಮರುದಿನದ ಸಂಜೆ ಬೆಂಗಳೂರಿನಲ್ಲಿ ಆ ಕಪ್ ನೋಡಲು ಹೋದ 11 ಮಂದಿ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ನೂಕುನುಗ್ಗಲಿನಲ್ಲಿ ಸತ್ತರು. ಹೆಚ್ಚಿನವರು ಚಿಕ್ಕ ವಯಸ್ಸಿನವರು. ಸರಕಾರ ಒಬ್ಬೊಬ್ಬರಿಗೆ 10 ಲಕ್ಷ ಪರಿಹಾರ ಎಂದಿತು. ಮೂರು ದಿನ ಕಳೆದು ಅದನ್ನು 25 ಲಕ್ಷ ಮಾಡಿತು. ಈ ಅಂಕಿ ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ನಮ್ಮ ಸ್ಟಾಫ್‌ರೂಮಿನಲ್ಲಿ ಯಾರೂ ವಾದಿಸಲಿಲ್ಲ. ದೈಹಿಕ ಶಿಕ್ಷಣದ ಮಾಸ್ಟ್ರು ಕೆಂಪು ಟೀ ಶರ್ಟನ್ನು ಆ ವಾರ ಹಾಕಲಿಲ್ಲ. ಅಭಿಮಾನಿಗೆ ಮೂಲಬೆಲೆ ಎಂಬುದೊಂದು ಇಲ್ಲವೆಂದು ನಮಗೆಲ್ಲ ಆ ದಿನ ಗೊತ್ತಾಯಿತು.

ಚರ್ಚೆ ಮಾತ್ರ ನಿಂತಿಲ್ಲ, ನಿಲ್ಲಬೇಕೆಂದು ನನ್ನ ಹಠವೂ ಅಲ್ಲ. ಆಟ ನೋಡಿ ನಾಲ್ಕು ಮಾತಾಡದೆ ಮನುಷ್ಯ ಬದುಕುವುದು ಹೇಗೆ? ನನ್ನ ತಕರಾರು ಸಣ್ಣದು. ನಮ್ಮ ಮಾತಿಗೆ ಕಾಸಿನ ತೂಕವಿಲ್ಲದ ಕಡೆ ನಾವು ವರ್ಷವಿಡೀ ಕೂಗುತ್ತೇವೆ. ಒಂದು ವಾಕ್ಯದಿಂದ ಒಬ್ಬರ ಅನ್ನಕ್ಕೆ ಎರಡು ಸಾವಿರ ಸೇರುವ ಕಡೆ ಗಂಟಲು ಕಟ್ಟುತ್ತದೆ. ಆ ಮೀನಿನ ಹೆಂಗಸಿಗೆ ಮಾತ್ರ ಎಲ್ಲಿ ಕೂಗಬೇಕೆಂದು ಗೊತ್ತಿತ್ತು. ದಿನಾ ಬೆಳಗ್ಗೆ ಅವಳ ಕೂಗಿನಿಂದ ದರ ಏರಿಳಿಯುವುದನ್ನು ಅವಳು ಕಣ್ಣಾರೆ ಕಾಣುತ್ತಾಳಲ್ಲ.

ಇನ್ನು ಮೂರು ವರ್ಷಕ್ಕೆ ನನ್ನ ನಿವೃತ್ತಿ. ನನ್ನ ಜಾಗವೂ ಖಾಲಿ ಉಳಿಯುತ್ತದೆ; ಅದಕ್ಕೊಬ್ಬಳು ಹತ್ತು ತಿಂಗಳ ಕರಾರಿನವಳು ಬರುತ್ತಾಳೆ. ಅವಳು ದಂತಿದುರ್ಗನ ಪಾಠ ಮಾಡುವುದನ್ನು ಕೇಳಿ ಯಾವ ಮಗುವಾದರೂ ಮನೆಯಲ್ಲಿ ಅಮ್ಮನಿಗೆ ಹೇಳಬಹುದು, ಆ ಅಮ್ಮ ಸಭೆಯಲ್ಲಿ ಎದ್ದು ನಿಲ್ಲಬಹುದು. ಅಲ್ಲಿಯವರೆಗೆ ನಡಾವಳಿ ಪುಸ್ತಕ ನನ್ನ ಕಪಾಟಿನಲ್ಲಿದೆ. ಅದನ್ನು ಯಾರ ಕೈಗೆ ಕೊಟ್ಟು ಹೋಗಬೇಕೆಂದು ಈಗಿನಿಂದಲೇ ನೋಡುತ್ತಿದ್ದೇನೆ.